ಗಾಡಿಗೆ ಒಂದು ದಡ, ಸೈಕಲ್ಲಿಗೆ ಇನ್ನೊಂದು ದಡ: ಫ್ರಾನ್ಸಿನ ಸೆಲೆ ಕಣಿವೆಯಲ್ಲಿ ನಾಲ್ಕು ದಿನ

ಪ್ರಶ್ನೆ: ನಾವು ಗಂಡ ಹೆಂಡತಿ ಟುಲೂಸ್‌ನಲ್ಲಿದ್ದೇವೆ. ಇಬ್ಬರಿಗೂ ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿದ್ದಾಗ ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ಅಭ್ಯಾಸವಿತ್ತು. ಮೇ ಕೊನೆಯಲ್ಲಿ ನಾಲ್ಕು ದಿನ ರಜೆ ಸಿಗುತ್ತದೆ. ನದಿ ಪಕ್ಕದ ಹಳ್ಳಿ ರಸ್ತೆ ಬೇಕು. ಡಾಂಬರೇ ಆಗಬೇಕು, ಮಣ್ಣು ದಾರಿ ಬೇಡ, ಕಾರು ಲಾರಿಗಳ ಕಾಟ ಇರಬಾರದು. ಹೋದ ಬೇಸಿಗೆಯಲ್ಲಿ ದೊರ್ದೋನ್ ಕಣಿವೆಗೆ ಹೋಗಿ, ಕ್ಯಾರವಾನುಗಳ ಸಾಲಿನಲ್ಲಿ ಸಿಕ್ಕಿಕೊಂಡು, ಎರಡನೇ ದಿನವೇ ವಾಪಸ್ ಬಂದೆವು. ನಾವು ಸಸ್ಯಾಹಾರಿಗಳು. ಎಲ್ಲಿಗೆ ಹೋಗೋಣ, ಹೇಗೆ ಹೋಗೋಣ?

ಉತ್ತರ: ಸೆಲೆ ಕಣಿವೆಗೆ ಹೋಗಿ. ಹೆಸರು ಕೇಳಿದರೇ ನಮ್ಮದು ಅನಿಸುತ್ತದೆ, ಅಲ್ಲವೇ? ಫ್ರೆಂಚರ ಬಾಯಲ್ಲೂ ಆ ಪುಟ್ಟ ನದಿ ಹೆಚ್ಚು ಕಮ್ಮಿ ಸೆಲೆಯೇ. ಕನ್ನಡದ ನೀರಿನ ಸೆಲೆಗೂ ಅದಕ್ಕೂ ನಂಟೇನಿಲ್ಲ. ಲ್ಯಾಟಿನ್‌ನಲ್ಲಿ ‘ಚುರುಕು’ ಎನ್ನುವ ಮಾತಿನಿಂದ ಬಂದದ್ದು ಎಂದು ಅಲ್ಲಿನವರು ಹೇಳುತ್ತಾರೆ. ಈ ಸೆಲೆ ಹೋಗಿ ಸೇರುವುದು ಲೋಟ್ ಎಂಬ ದೊಡ್ಡ ನದಿಯನ್ನು. ಅದನ್ನು ಕೊನೆಯ ‘ಟ್’ ಒತ್ತಿಯೇ ಹೇಳಬೇಕು. ನನ್ನ ಅಮ್ಮ ಮೊದಲ ಸಲ ಕೇಳಿದಾಗ “ಲೋಟ, ಸೆಲೆ ಎರಡೂ ಇದ್ದ ಮೇಲೆ ಕುಡಿಯೋ ನೀರಿಗೇನು ಬರ?” ಅಂದಿದ್ದರು. ನೀರಿನ ವಿಷಯ ಅಷ್ಟು ಸಲೀಸಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ದೊರ್ದೋನ್‌ನಲ್ಲಿ ಏಕೆ ಸೋತಿರಿ ಎಂಬುದನ್ನು ಮೊದಲು ನೋಡೋಣ. ಕಣಿವೆ ಕೆಟ್ಟದ್ದೇನಲ್ಲ. ನೀವು ತಪ್ಪು ತಿಂಗಳಲ್ಲಿ, ತಪ್ಪು ದಡದಲ್ಲಿ ಇದ್ದಿರಿ. ಫ್ರಾನ್ಸಿನ ನದಿ ಕಣಿವೆಗಳಲ್ಲಿ ಸಾಮಾನ್ಯವಾಗಿ ಎರಡು ದಡಕ್ಕೂ ಒಂದೊಂದು ರಸ್ತೆ ಇರುತ್ತದೆ. ಒಂದು ದಡದ್ದು ಅಗಲವಾಗಿ, ಊರಿಂದೂರಿಗೆ ನೇರ ಹೋಗುವ ರಸ್ತೆ. ಲಾರಿ, ಬಸ್ಸು, ಕ್ಯಾರವಾನು ಎಲ್ಲ ಅಲ್ಲಿಯೇ. ಎದುರು ದಡದ್ದು ಅಂಕುಡೊಂಕು. ಒಂದು ತೋಟದ ಮನೆಯಿಂದ ಇನ್ನೊಂದು ತೋಟದ ಮನೆಗೆ ಹೋಗುತ್ತ, ನಡುವೆ ಸುಮ್ಮನೆ ಒಂದು ದಿಣ್ಣೆ ಹತ್ತಿ ಇಳಿಯುತ್ತದೆ. ಅವಸರ ಇರುವವರು ಯಾರೂ ಅದನ್ನು ಹಿಡಿಯುವುದಿಲ್ಲ. ಸದ್ದಿಲ್ಲದ ರಸ್ತೆ ಹುಡುಕುವುದೆಂದರೆ ಇಷ್ಟೇ: ಅವಸರದವರು ಯಾವ ದಾರಿ ಹಿಡಿಯುತ್ತಾರೆ ಎಂದು ಮೊದಲು ಪತ್ತೆ ಮಾಡಿ, ಅದನ್ನು ಅವರಿಗೇ ಬಿಟ್ಟುಕೊಡುವುದು.

ಸೆಲೆ ಕಣಿವೆ ಈ ಲೆಕ್ಕದಲ್ಲಿ ಗೆಲ್ಲುತ್ತದೆ. ಫಿಜಾಕ್ ಪಟ್ಟಣದಿಂದ ಕಾಓರ್ ಪಟ್ಟಣಕ್ಕೆ ಹೋಗುವ ಕಾರುಗಳು ಕಣಿವೆಗೆ ಇಳಿಯುವುದೇ ಇಲ್ಲ. ಮೇಲಿನ ಪ್ರಸ್ಥಭೂಮಿಯ ಡಿ 653 ಎಂಬ ಜಿಲ್ಲಾ ರಸ್ತೆಯಲ್ಲಿ ಹೋಗಿಬಿಡುತ್ತವೆ. ಉತ್ತರ ದಕ್ಷಿಣದ ದೂರ ಪ್ರಯಾಣದವರನ್ನು ಕಾಓರ್ ಪಕ್ಕದ ಎ 20 ಹೆದ್ದಾರಿ ಎಳೆದುಕೊಳ್ಳುತ್ತದೆ. ಕೆಳಗೆ ನದಿಯ ಪಕ್ಕದ ಡಿ 41ಕ್ಕೆ ಉಳಿಯುವುದು ಹಳ್ಳಿಯವರ ಕಾರು, ಅಂಚೆಯವರ ಹಳದಿ ವ್ಯಾನು, ಟ್ರ್ಯಾಕ್ಟರ್, ಮತ್ತೆ ನಮ್ಮಂಥವರು.

ಜನರೇ ಕಡಿಮೆ ಇರುವ ಕಡೆ ಇಷ್ಟು ಒಳ್ಳೆಯ ಡಾಂಬರು ಏಕೆ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. 1836ರ ಒಂದು ಕಾನೂನಿನಿಂದ ಊರೂರಿನ ರಸ್ತೆಗಳನ್ನು ಮಾಡಿಸಿ ನೋಡಿಕೊಳ್ಳುವ ಹೊಣೆ ಅಲ್ಲಿನ ಗ್ರಾಮಾಡಳಿತಗಳ ತಲೆಗೆ ಬಂತು. ಆಗ ಈ ಲೋಟ್ ಜಿಲ್ಲೆ ತುಂಬಿ ತುಳುಕುತ್ತಿತ್ತು. 1851ರ ಹೊತ್ತಿಗೆ 3 ಲಕ್ಷದ ಹತ್ತಿರ ಜನ. ಮುಂದೆ ಫಿಲೋಕ್ಸೆರಾ ಎಂಬ ಹುಳ ಬಿದ್ದು ದ್ರಾಕ್ಷಿ ತೋಟಗಳು ಒಣಗಿದವು, ಜನ ಪಟ್ಟಣಗಳ ಕಡೆ ಹೊರಟರು, ಯುದ್ಧಗಳು ಬಂದವು. ಈಗ ಇಡೀ ಜಿಲ್ಲೆಗೆ ಸುಮಾರು 1.75 ಲಕ್ಷ ಜನ. ಜನ ಹೋದರೂ ಅವರಿಗಾಗಿ ಮಾಡಿದ ರಸ್ತೆಗಳು ಉಳಿದವು. ಆಮೇಲೆ ಅವಕ್ಕೆ ಡಾಂಬರು ಬಿತ್ತು. ನೀವು ತುಳಿಯುವುದು ಆ ಹಳೆಯ ಜನಸಂಖ್ಯೆಯ ರಸ್ತೆಗಳ ಮೇಲೆ.

ಈಗ ದಾರಿ. ಎಲ್ಲರೂ ಕಾಓರ್‌ನಿಂದ ಹೊರಟು ನದಿಗೆ ಎದುರಾಗಿ ಮೇಲೆ ಹೋಗುತ್ತಾರೆ. ನೀವು ತಿರುಗಿಸಿ. ಟುಲೂಸ್‌ನಿಂದ ಫಿಜಾಕ್‌ಗೆ ಪ್ರಾದೇಶಿಕ ರೈಲು ಇದೆ, ಎರಡು ಗಂಟೆ ಚಿಲ್ಲರೆ. ಸೈಕಲ್ ನೇತುಹಾಕುವ ಕೊಕ್ಕೆಗಳು ಬೋಗಿಯಲ್ಲಿ ಕೆಲವೇ ಇರುತ್ತವೆ, ಹಾಗಾಗಿ ಶುಕ್ರವಾರ ಬೆಳಗಿನ ಮೊದಲ ರೈಲುಗಳಲ್ಲೇ ಹೊರಡಿ. ನಾಲ್ಕು ದಿನ ಶುಕ್ರವಾರದಿಂದ ಸೋಮವಾರದವರೆಗೆ ಇಟ್ಟುಕೊಳ್ಳಿ ಎನ್ನುವುದಕ್ಕೆ ಒಂದು ಕಾರಣವಿದೆ, ಭಾನುವಾರದ ವಿಷಯ ಬಂದಾಗ ಹೇಳುತ್ತೇನೆ.

ಫಿಜಾಕ್‌ನಲ್ಲಿ ಇಳಿದ ತಕ್ಷಣ ತುಳಿಯಬೇಡಿ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಶಾಂಪೋಲಿಯೋಂ 1790ರಲ್ಲಿ ಹುಟ್ಟಿದ ಊರು ಅದು. ಹಳೆಯ ಪೇಟೆಯ ನಡುವೆ ಒಂದು ಸಣ್ಣ ಅಂಗಳದ ನೆಲವನ್ನೆಲ್ಲ, ಆ ಲಿಪಿಗೆ ಕೀಲಿಯಾದ ರೊಸೆಟ್ಟಾ ಕಲ್ಲಿನ ದೊಡ್ಡ ಪ್ರತಿಕೃತಿಯಾಗಿ ಹಾಸಿದ್ದಾರೆ, ಕಪ್ಪು ಕಲ್ಲಿನಲ್ಲಿ. ಅಕ್ಷರಗಳ ಮೇಲೆಯೇ ಓಡಾಡಬಹುದು. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟು ಹಾಕಿದ ಶೂ ಅಲ್ಲಿ ಜಾರುತ್ತದೆ, ಅನುಭವದ ಮಾತು. ಅರ್ಧ ಗಂಟೆ ನೋಡಿ, ಬೇಕರಿಯಲ್ಲಿ ಬ್ರೆಡ್ಡು ಚೀಸು ಕಟ್ಟಿಸಿಕೊಂಡು ಹೊರಡಿ.

ಮೊದಲ ಐದಾರು ಕಿಲೋಮೀಟರ್ ಚೆನ್ನಾಗಿಲ್ಲ. ಕಾಓರ್ ಕಡೆಯ ದೊಡ್ಡ ರಸ್ತೆ, ಕಾರುಗಳು ವೇಗವಾಗಿ ಬರುತ್ತವೆ. ಬಾಯಿ ಮುಚ್ಚಿಕೊಂಡು ಬಿಳಿ ಗೆರೆಯ ಪಕ್ಕ ಒಬ್ಬರ ಹಿಂದೆ ಒಬ್ಬರು ತುಳಿದುಬಿಡಿ. ಎಡಕ್ಕೆ ಡಿ 41 ಎಂಬ ಹಳದಿ ಫಲಕ ಕಂಡು ತಿರುಗಿದಿರೋ, ಮುಂದಿನ ತಿರುವಿನಷ್ಟರಲ್ಲಿ ಸದ್ದು ಇಂಗಿಹೋಗುತ್ತದೆ. ಮೊದಲು ಕೇಳುವುದು ನಿಮ್ಮದೇ ಚೈನಿನ ಸದ್ದು. ಎಣ್ಣೆ ಹಾಕಿಲ್ಲದಿದ್ದರೆ ಆವಾಗ ಗೊತ್ತಾಗುತ್ತದೆ.

ಅಲ್ಲಿಂದ ಬೂಸಾಕ್, ಕೋರ್ನ್, ಎಸ್ಪಾನ್ಯಾಕ್, ಬ್ರಾಂಗ್, ಸೇಂ ಸ್ಯೂಲ್ಪೀಸ್, ಮಾರ್ಸಿಯಾಕ್, ಸೋಲಿಯಾಕ್, ಕೊನೆಗೆ ಕಾಬ್ರರೆ. ಎಲ್ಲ ಸೇರಿ ಸುಮಾರು 45 ಕಿಲೋಮೀಟರ್. ನೀರು ಹರಿಯುವ ದಿಕ್ಕಿನಲ್ಲೇ ಹೋಗುತ್ತೀರಿ, ಆದರೆ ಇಳಿಜಾರು ಎಂದು ಸಂಭ್ರಮ ಪಡುವಷ್ಟಿಲ್ಲ. ಇಷ್ಟುದ್ದಕ್ಕೂ ನದಿ ಇಳಿಯುವುದು ಅರವತ್ತು ಎಪ್ಪತ್ತು ಮೀಟರಷ್ಟೇ. ರಸ್ತೆ ಮಾತ್ರ ಬಂಡೆ ಅಡ್ಡ ಬಂದಾಗಲೆಲ್ಲ ಸ್ವಲ್ಪ ಹತ್ತಿ ಸ್ವಲ್ಪ ಇಳಿಯುತ್ತದೆ. ಎಸ್ಪಾನ್ಯಾಕ್‌ನಲ್ಲಿ ಸೇತುವೆ ದಾಟಿ ಒಳಗೆ ಹೋಗಿ. ಹಳೆಯ ಸನ್ಯಾಸಿನಿಯರ ಮಠ ಇದೆ, ಅದರ ಗಂಟೆಗೋಪುರದ ಮೇಲ್ಭಾಗ ಮರ ಇಟ್ಟಿಗೆ ಸೇರಿಸಿ ಕಟ್ಟಿದ್ದು, ಯಾರೋ ಮನೆಯೊಂದನ್ನು ಎತ್ತಿ ಗೋಪುರದ ಮೇಲೆ ಇಟ್ಟ ಹಾಗೆ. ಮಾರ್ಸಿಯಾಕ್‌ನಲ್ಲಿ ಅರ್ಧ ಬಿದ್ದ ಮಠವಿದೆ. ಮೇಲ್ಛಾವಣಿ ಇಲ್ಲದ ಕಂಬಗಳ ನಡುವೆ ಹುಲ್ಲು ಬೆಳೆದಿದೆ. ಊಟಕ್ಕೆ ನಾನು ನಿಲ್ಲುವುದು ಅಲ್ಲಿಯೇ, ನದಿ ಪಕ್ಕದ ಮರಗಳ ಕೆಳಗೆ.

ಸೋಲಿಯಾಕ್‌ನಿಂದ ಕಾಬ್ರರೆಯವರೆಗಿನ ತುಂಡು ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದದ್ದು. ಸುಣ್ಣಕಲ್ಲಿನ ಬಂಡೆ ಗೋಡೆ ರಸ್ತೆಯ ಮೇಲೆಯೇ ಬಾಗಿಕೊಂಡಿರುತ್ತದೆ. ಎತ್ತರದಲ್ಲಿ ಗವಿಗಳ ಬಾಯಿಗೆ ಗೋಡೆ ಕಟ್ಟಿ ಕಿಟಕಿ ಬಿಟ್ಟಿದ್ದಾರೆ. ಇವಕ್ಕೆ ‘ಇಂಗ್ಲಿಷರ ಕೋಟೆ’ಗಳು ಎಂದು ಹೆಸರು, ಇಂಗ್ಲೆಂಡ್ ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ಕಾಲದ ನೆನಪು. ಇಲ್ಲಿ ಮಳೆಯ ಮರುದಿನ ಬಂದರೆ ಮುಂದಿನ ಚಕ್ರದ ಮೇಲೆ ಕಣ್ಣಿರಲಿ. ಬಂಡೆಯಿಂದ ಉದುರಿದ ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ರಸ್ತೆಯಲ್ಲಿ ಬಿದ್ದಿರುತ್ತವೆ.

ಈಗ ನೀರು. ಈ ಸೀಮೆಯ ಪ್ರಸ್ಥಭೂಮಿಗೆ ಕೋಸ್ ಎನ್ನುತ್ತಾರೆ. ಅದೆಲ್ಲ ಸುಣ್ಣಕಲ್ಲು, ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಒಳಗೇ ಹರಿದು ಕೆಳಗೆ ಕಣಿವೆಯ ಬುಡದಲ್ಲಿ ಹೊರಬರುತ್ತದೆ. ಹಾಗಾಗಿ ಮೇಲೆ ಹಳ್ಳ ಇಲ್ಲ, ಕೆರೆ ಅಪರೂಪ, ಕುಳ್ಳ ಓಕ್ ಮರಗಳ ನೆರಳೂ ಅಷ್ಟಕ್ಕಷ್ಟೆ. ಕಣಿವೆಯಿಂದ ಮೇಲೆ ಹತ್ತುವ ಮೊದಲು ಎರಡೂ ಬಾಟಲಿ ತುಂಬಿರಲೇಬೇಕು. ತುಂಬಿಸುವುದು ಎಲ್ಲಿ? ಹಳ್ಳಿಗಳಲ್ಲಿ ಹೋಟೆಲು ಬಾಗಿಲು ಹಾಕಿರುತ್ತದೆ, ಅಂಗಡಿಯೇ ಇರುವುದಿಲ್ಲ. ಇಲ್ಲಿನ ಸೈಕಲ್ಲಿನವರೆಲ್ಲ ಹೋಗುವುದು ಸ್ಮಶಾನಕ್ಕೆ. ಗಾಬರಿ ಬೇಡ. ಊರ ಹೊರಗೆ ಗೋಡೆ ಕಟ್ಟಿದ ಸಮಾಧಿ ಸ್ಥಳ, ಕಬ್ಬಿಣದ ಗೇಟು, ಒಳಗೆ ಬಂದರೆ ಗೋಡೆ ಮಗ್ಗುಲಲ್ಲಿ ಒಂದು ನಲ್ಲಿ, ಪಕ್ಕದಲ್ಲಿ ಹೂಗಿಡಕ್ಕೆ ನೀರು ಹಾಕುವ ಹಸಿರು ಪ್ಲಾಸ್ಟಿಕ್ ಡಬ್ಬಗಳು. ಸಾಮಾನ್ಯವಾಗಿ ಊರಿನ ಸರಬರಾಜಿನ ನೀರೇ ಅದು. ‘ಓ ನೋಂ ಪೊತಾಬ್ಲ್’ ಎಂಬ ಫಲಕ ಇದ್ದರೆ ಮಾತ್ರ ಮುಟ್ಟಬೇಡಿ, ಕುಡಿಯಲು ಯೋಗ್ಯವಲ್ಲ ಎಂದರ್ಥ. ಮೊದಲ ಸಲ ನಾನು ಗೇಟಿನ ಹೊರಗೇ ನಿಂತು ಹಿಂಜರಿದಿದ್ದೆ, ಒಳಗೆ ಹೋದರೆ ಮಡಿ ಮೈಲಿಗೆ ಎಂದು ಅಜ್ಜಿಯ ದನಿ ಕಿವಿಯಲ್ಲಿ. ಗಂಡನ ಸಮಾಧಿಗೆ ಹೂ ಇಡಲು ಬಂದಿದ್ದ ಮುದುಕಿಯೊಬ್ಬರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಾವೇ ತುಂಬಿಸಿ ಕೊಟ್ಟರು. ಆಮೇಲೆ ಹಿಂಜರಿದಿಲ್ಲ. ಟೋಪಿ ತೆಗೆದು ಒಳಗೆ ಹೋಗುತ್ತೇನೆ, ಸೈಕಲ್ ಹೊರಗೇ ಒರಗಿಸುತ್ತೇನೆ.

ಶುಕ್ರವಾರ ರಾತ್ರಿ ಕಾಬ್ರರೆಯಲ್ಲಿ ಉಳಿದರೆ ಶನಿವಾರ ಬೆಳಗ್ಗೆ ಪೆಶ್ ಮೆರ್ಲ್ ಗವಿ. ಊರಿನ ತಲೆಯ ಮೇಲೆಯೇ ಇದೆ, ಹತ್ತುವ ದಾರಿ ಚಿಕ್ಕದು ಆದರೆ ಕಡಿದು. ತಳ್ಳಿಕೊಂಡು ಹೋದರೂ ನಾಚಿಕೆಯಿಲ್ಲ. 1922ರಲ್ಲಿ ಇಬ್ಬರು ಹುಡುಗರು ಬಿಲದೊಳಗೆ ತೆವಳಿಕೊಂಡು ಹೋಗಿ ಕಂಡ ಚಿತ್ರಗಳು ಇವು. ಮೈತುಂಬ ಚುಕ್ಕೆಗಳಿರುವ ಎರಡು ಕುದುರೆಗಳು, ಸುತ್ತ ಕೈಯಿಟ್ಟು ಬಣ್ಣ ಊದಿದ ಹಸ್ತದ ಗುರುತುಗಳು; ಇಪ್ಪತ್ತೈದು ಸಾವಿರ ವರ್ಷಕ್ಕೂ ಹಳೆಯವು. ಪ್ರತಿಕೃತಿಯಲ್ಲ, ಮೂಲ ಚಿತ್ರಗಳೇ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಹಾಗಾಗಿ ಟಿಕೆಟು ಮೊದಲೇ ಕಾದಿರಿಸಿ, ಬೆಳಗಿನ ಮೊದಲ ಸುತ್ತಿಗೆ. ಒಳಗೆ ತಂಪು, ಬೆವೆತ ಮೈಗೆ ಚಳಿ ಹಿಡಿಯುತ್ತದೆ. ತೆಳು ಜಾಕೆಟ್ಟು ಒಂದು, ಕ್ಲೀಟಿಲ್ಲದ ಹಗುರ ಚಪ್ಪಲಿಯೋ ಶೂವೋ ಒಂದು ಜೊತೆ, ಇವೆರಡನ್ನು ಇದೊಂದು ಬೆಳಗಿಗಾಗಿಯೇ ಹೊತ್ತು ತರಬಹುದು.

ಕಾಬ್ರರೆಯಿಂದ ನಾಲ್ಕೈದು ಕಿಲೋಮೀಟರ್ ಇಳಿದರೆ ಕೊಂದ್ಯುಶೆ. ಅಲ್ಲಿ ಸೆಲೆ ಲೋಟ್ ನದಿಗೆ ಸೇರುತ್ತದೆ. ಎರಡು ದಡದ ಮಾತು ಇಲ್ಲಿಂದ ನಿಜವಾಗಿ ಕೆಲಸಕ್ಕೆ ಬರುವುದು. ಲೋಟ್‌ನ ಉತ್ತರ ದಡದಲ್ಲಿ ಡಿ 662 ಇದೆ. ನೋಡಲು ಸೊಗಸು, ಸೈಕಲ್ಲಿನವರೂ ತುಂಬ ಜನ ಹೋಗುತ್ತಾರೆ. ಆದರೆ ಕಣಿವೆಯ ವಾಹನವೆಲ್ಲ ಅದರ ಮೇಲೆಯೇ. ನೀವು ಬೂಜಿಯೆಸ್ ಎಂಬ ಪುಟ್ಟ ಊರಿನ ಕಿರಿದಾದ ಸೇತುವೆ ದಾಟಿ ದಕ್ಷಿಣ ದಡಕ್ಕೆ ಹೋಗಿಬಿಡಿ.

ಬೂಜಿಯೆಸ್‌ನಲ್ಲಿ ಸೈಕಲ್ಲಿಗೆ ಬೀಗ ಹಾಕಿ ಸ್ವಲ್ಪ ನಡೆಯಿರಿ. ಹಿಂದೆ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಎಳೆಯುತ್ತಿದ್ದರು. ಬಂಡೆ ನೇರವಾಗಿ ನೀರಿಗಿಳಿಯುವ ಕಡೆ ಎಳೆಯುವವರಿಗೆ ಕಾಲಿಡಲು ಜಾಗವಿಲ್ಲ ಎಂದು, 19ನೇ ಶತಮಾನದಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದರು. ಮೇಲೆ ಬಂಡೆಯ ಚಾವಣಿ, ಪಕ್ಕದಲ್ಲಿ ನೀರು. ಸ್ವಲ್ಪ ದೂರ ಬಂಡೆಯ ಮೇಲೆ ಮೀನು, ಚಿಪ್ಪುಗಳ ಉಬ್ಬುಶಿಲ್ಪವಿದೆ. ಅದು ಹಳೆಯದಲ್ಲ, 20ನೇ ಶತಮಾನದ ಕೊನೆಯಲ್ಲಿ ಕೆತ್ತಿದ್ದು. ಈ ದಾರಿಯಲ್ಲಿ ಸೈಕಲ್ ತುಳಿಯುವವರನ್ನು ನೋಡುತ್ತೀರಿ, ನೀವು ಮಾಡಬೇಡಿ. ಅಂಚಿಗೆ ಕಟಕಟೆ ಇಲ್ಲ, ಎದುರಿಗೆ ಮಕ್ಕಳು ಬರುತ್ತಿರುತ್ತಾರೆ.

ಬೂಜಿಯೆಸ್‌ನಿಂದ ಸೇಂ ಸೀರ್ ಲಾಪೋಪಿಗೆ ಡಿ 40 ಹತ್ತುತ್ತದೆ. ನಂದಿಬೆಟ್ಟ ಕಂಡ ಕಾಲಿಗೆ ಇದು ಯಾವ ಲೆಕ್ಕ, ಅದರ ಅರ್ಧವೂ ಇಲ್ಲ. ತಿರುವಿನಲ್ಲಿ ಬಾಂಕುರೆಲ್ ಎಂಬ ನೋಟದ ಜಾಗ ಬರುತ್ತದೆ. ಕೆಳಗೆ ನದಿ ಬಿಲ್ಲಿನಂತೆ ಬಾಗಿರುತ್ತದೆ, ಎದುರು ಬಂಡೆಯ ತುದಿಗೆ ಊರು ಅಂಟಿಕೊಂಡಿರುತ್ತದೆ. 2012ರಲ್ಲಿ ಫ್ರೆಂಚರು ಟಿವಿಯಲ್ಲಿ ಓಟು ಹಾಕಿ ತಮ್ಮ ಮೆಚ್ಚಿನ ಹಳ್ಳಿ ಎಂದು ಆರಿಸಿದ್ದು ಇದನ್ನೇ. ಅದರ ಫಲವನ್ನು ಈಗ ಊರು ಅನುಭವಿಸುತ್ತಿದೆ. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಜಾತ್ರೆ. ಸಂಜೆ ಆರರ ಮೇಲೆ ಕಾರುಗಳೆಲ್ಲ ಇಳಿದು ಹೋದ ಮೇಲೆ ಹೋಗಿ, ರಾತ್ರಿ ಅಲ್ಲಿಯೇ ಉಳಿಯಿರಿ. ಒಂದು ಕಾಲಕ್ಕೆ ಈ ಊರು ಪೀಪಾಯಿಗೆ ಹಾಕುವ ಮರದ ನಲ್ಲಿಗಳಿಗೆ ಹೆಸರಾಗಿತ್ತು. ಬಾಕ್ಸ್ ಮರವನ್ನು ಕಡಚಲು ಹಿಡಿದು, ಕಾಓರ್‌ನ ದ್ರಾಕ್ಷಾರಸದ ಪೀಪಾಯಿಗಳಿಗೆ ಕಳಿಸುತ್ತಿದ್ದರು. ಕುಶಲಕರ್ಮಿಗಳ ಬೀದಿಯ ಬಾಗಿಲುಗಳು ಕಮಾನಾಗಿ ಅಗಲಕ್ಕೆ ಇರುವುದು ಕೆಲಸಕ್ಕೆ ಬೆಳಕು ಬೇಕಿತ್ತೆಂದು.

ಹಾಗಾದರೆ ಶನಿವಾರ ಮಧ್ಯಾಹ್ನ ಏನು ಮಾಡುವುದು? ಚೀಲಗಳನ್ನು ಉಳಿಯುವ ಕಡೆ ಇಳಿಸಿ, ದಕ್ಷಿಣ ದಡದ ಸಣ್ಣ ರಸ್ತೆಯಲ್ಲಿ ಕ್ರೆಗೋಲ್ ಮೇಲೆ ಸೆನ್‌ವಿಯೆರ್‌ವರೆಗೆ ಹೋಗಿ ಬನ್ನಿ. ಎದುರು ದಡದ ಡಿ 662ರಲ್ಲಿ ಕಾರುಗಳು ಮಿಂಚುವುದು ಕಾಣುತ್ತದೆ, ಸದ್ದು ಅಷ್ಟಾಗಿ ಬರುವುದಿಲ್ಲ. ಇದೊಂದು ಚಿಕ್ಕ ಕ್ರೂರ ಸಂತೋಷ. ಸೆನ್‌ವಿಯೆರ್‌ನಲ್ಲಿ ನದಿಯ ನೆತ್ತಿಯ ಮೇಲೆ ಕೋಟೆಮನೆಯಿದೆ. ಅಲ್ಲಿಗೆ ಹತ್ತಿದರೆ ಹಿಂದಿರುಗುವ ದಾರಿಯ ಮೊದಲ ಭಾಗ ಬರೀ ಇಳಿತ.

ಕಾಲಿಗೆ ಇನ್ನೂ ಕೆಲಸ ಬೇಕೆಂದರೆ, ಅಥವಾ ಐದನೆಯ ದಿನ ಹೇಗಾದರೂ ಸಿಕ್ಕರೆ, ಇನ್ನೂ ಮೇಲೆ ಕಜಾರ್ಕ್‌ವರೆಗೆ ಹೋಗಿ, ಸೇತುವೆ ದಾಟಿ ಡಿ 127 ಹತ್ತಿ. ಮೇಲೆ ಸೋ ದ ಲಾ ಮುನೀನ್ ಎಂಬ ಬಂಡೆಯಂಚು. ಮುನೀನ್ ಎಂದರೆ ಅಲ್ಲಿನ ಹಳೆಯ ಒಕ್ಸಿತಾನ್ ನುಡಿಯಲ್ಲಿ ಕೋತಿ. ಎದುರು ದಡದ ಮೋಂಬ್ರಂ ಕೋಟೆಯ ಒಡೆಯ, ಮಗಳು ಯಾರನ್ನೋ ಪ್ರೀತಿಸಿದಳೆಂದು ಈ ಬಂಡೆಯಿಂದ ತಳ್ಳಿಸಲು ಹೇಳಿದನಂತೆ. ಒಬ್ಬ ಸನ್ಯಾಸಿ ಕುರುಡು ಕೋತಿಯೊಂದಕ್ಕೆ ಅವಳ ಬಟ್ಟೆ ಉಡಿಸಿ ಅದನ್ನು ತಳ್ಳಿದ. ಕೆಳಗೆ ಬೀಳುವುದನ್ನು ನೋಡಿ ಅಪ್ಪನ ಎದೆ ಒಡೆಯಿತು, ಮಗಳು ಬದುಕಿದ್ದಾಳೆ ಎಂದು ತಿಳಿದಾಗ ಕ್ಷಮಿಸಿದ. ಕತೆಯಲ್ಲಿ ಎಲ್ಲರಿಗೂ ಸುಖ, ಕೋತಿಗೊಂದನ್ನು ಬಿಟ್ಟು. ಅಲ್ಲಿ ನಿಂತಾಗಲೆಲ್ಲ ನನಗೆ ಅದರದ್ದೇ ನೆನಪು. ಇಷ್ಟಾಗಿ ಆ ಅಂಚಿನಿಂದ ಕಾಣುವ ನದಿಯ ತಿರುವು, ಕೆಳಗಿನ ಹೊಲಗಳ ಪಟ್ಟೆಗಳು ಇಡೀ ಕಣಿವೆಯಲ್ಲೇ ಒಳ್ಳೆಯ ನೋಟ, ಲಾಪೋಪಿಗಿಂತ ಮೇಲು ಎನ್ನುತ್ತೇನೆ. ಕಜಾರ್ಕ್ ಸುತ್ತ ಕೇಸರಿ ಬೆಳೆಯುತ್ತಾರೆ. ಆದರೆ ಹೂ ಬಿಡುವುದು ಅಕ್ಟೋಬರ್‌ನಲ್ಲಿ, ನಿಮಗೆ ಕಾಣುವುದಿಲ್ಲ.

ಭಾನುವಾರಕ್ಕೆ ಬಂದೆ. ಬೂಜಿಯೆಸ್‌ನಿಂದ ಕಾಓರ್‌ಗೆ ಇಪ್ಪತ್ತೆಂಟು ಕಿಲೋಮೀಟರ್ ಸುಮಾರು, ಅದರಲ್ಲಿ ವೆರ್ಸ್ ಊರಿನಿಂದ ಮುಂದಿನ ಅರ್ಧ, ಮೇಲಿನಿಂದ ಇಳಿದು ಬಂದ ಅದೇ ಡಿ 653. ವಾರದ ದಿನ ಅಲ್ಲಿ ತುಳಿಯಲು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಫ್ರಾನ್ಸಿನಲ್ಲಿ 7.5 ಟನ್ನಿಗೆ ಮೇಲ್ಪಟ್ಟ ಲಾರಿಗಳು ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ ಓಡುವಂತಿಲ್ಲ, ಕೆಲವು ವಿನಾಯಿತಿಗಳನ್ನು ಬಿಟ್ಟರೆ. ಕೆಲಸಕ್ಕೆ ಹೋಗುವ ಕಾರುಗಳೂ ಇರುವುದಿಲ್ಲ. ಬೆಳಗ್ಗೆ ಏಳಕ್ಕೆ ಹೊರಟರೆ ಒಂಬತ್ತೂವರೆಗೆಲ್ಲ ಕಾಓರ್‌ನಲ್ಲಿ ಕಾಫಿ ಕುಡಿಯುತ್ತಿರುತ್ತೀರಿ. ಪ್ರವಾಸದ ಅತಿ ಕೆಟ್ಟ ರಸ್ತೆಯನ್ನು ಭಾನುವಾರ ಬೆಳಗಿನ ಮೇಲೆ ಹೊಂದಿಸಿ, ಉಳಿದ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸುವುದು ನನ್ನ ಪದ್ಧತಿ.

ಕಾಓರ್ ಅನ್ನು ನದಿ ಮೂರು ಕಡೆ ಸುತ್ತಿಕೊಂಡಿದೆ. ನೋಡಲೇಬೇಕಾದ್ದು ವಾಲಾಂತ್ರೆ ಸೇತುವೆ, ಮೂರು ಗೋಪುರಗಳದ್ದು, 1308ರಲ್ಲಿ ಶುರುವಾಗಿ ಮುಗಿಯಲು ಎಪ್ಪತ್ತು ವರ್ಷ ಹಿಡಿಯಿತು. ತಡವಾಯಿತೆಂದು ಮೇಸ್ತ್ರಿ ದೆವ್ವಕ್ಕೆ ಆತ್ಮ ಬರೆದುಕೊಟ್ಟನಂತೆ, ಹೇಳಿದ್ದೆಲ್ಲ ಮಾಡಬೇಕೆಂಬ ಷರತ್ತಿನ ಮೇಲೆ. ಕೊನೆಯಲ್ಲಿ ಬುದ್ಧಿ ಓಡಿಸಿ, “ಗಾರೆಯವರಿಗೆ ಜರಡಿಯಲ್ಲಿ ನೀರು ತಂದುಕೊಡು” ಅಂದ. ಸೋತ ದೆವ್ವ ಸಿಟ್ಟಿಗೆ ನಡುಗೋಪುರದ ಮೂಲೆಕಲ್ಲನ್ನು ರಾತ್ರಿ ರಾತ್ರಿ ಕಿತ್ತುಹಾಕುತ್ತಿತ್ತು. 1879ರಲ್ಲಿ ದುರಸ್ತಿ ಮಾಡಿಸಿದ ಪಾಲ್ ಗೂ ಎಂಬ ವಾಸ್ತುಶಿಲ್ಪಿ, ಆ ಮೂಲೆಯಲ್ಲಿ ಕಲ್ಲು ಕೀಳುತ್ತಿರುವ ದೆವ್ವದ ಸಣ್ಣ ಶಿಲ್ಪವನ್ನೇ ಕೂರಿಸಿದ. ಕತ್ತೆತ್ತಿ ಹುಡುಕಿದರೆ ಸಿಗುತ್ತದೆ.

ಸೋಮವಾರ ಪಶ್ಚಿಮಕ್ಕೆ ಅರ್ಧ ದಿನ. ಡಿ 8ರಲ್ಲಿ ಪ್ರಾದೀನ್, ದುವೆಲ್, ಅಲ್ಲಿಂದ ಲುಜೆಶ್. ಇಲ್ಲಿ ಬಂಡೆ ಕಡಿಮೆಯಾಗಿ ದ್ರಾಕ್ಷಿ ತೋಟ ಶುರು, ಮಾಲ್ಬೆಕ್ ಜಾತಿಯ ಕಪ್ಪು ದ್ರಾಕ್ಷಿ. ಲುಜೆಶ್‌ನಲ್ಲಿ ನದಿ ಸುತ್ತಿ ಬಂದು ತನ್ನನ್ನೇ ಮುಟ್ಟಿಬಿಡುವಷ್ಟು ಹತ್ತಿರ ಬರುತ್ತದೆ. ಎರಡು ಹರಿವಿನ ನಡುವಿನ ನೆಲ ಒಂದು ಕೂಗಳತೆಯೂ ಇಲ್ಲ. ದೊಡ್ಡ ರಸ್ತೆ ಡಿ 811 ಉತ್ತರದಲ್ಲಿದೆ, ಅದರ ಕಡೆ ತಲೆ ಹಾಕಬೇಡಿ.

ಸೈಕಲ್ ಯಾವುದು ಎಂದು ನೀವು ಕೇಳಿಲ್ಲ. ರೋಡ್ ಸೈಕಲ್ ಸಾಕು, ಆದರೆ ಟೈರು 28 ಮಿಲಿಮೀಟರಿಗೆ ಕಡಿಮೆ ಬೇಡ, 32 ಆದರೆ ಇನ್ನೂ ಒಳ್ಳೆಯದು. ಕಾರಣ ‘ಗ್ರಾವಿಯೋಂ’. ಬೇಸಿಗೆ ಬಂತೆಂದರೆ ಇಲ್ಲಿನ ಸಣ್ಣ ರಸ್ತೆಗಳಿಗೆ ಬಿಸಿ ಡಾಂಬರು ಸುರಿದು ಮೇಲೆ ಸಣ್ಣ ಜಲ್ಲಿ ಎರಚಿ ಬಿಟ್ಟುಬಿಡುತ್ತಾರೆ. ಹೋಗುವ ಬರುವ ಕಾರುಗಳೇ ಅದನ್ನು ಒತ್ತಿ ಕೂರಿಸಬೇಕು. ಕಾರೇ ಬರದ ರಸ್ತೆಯಲ್ಲಿ ಒತ್ತುವವರು ಯಾರು? ಜಲ್ಲಿ ವಾರಗಟ್ಟಲೆ ಹಾಗೆಯೇ ಸಡಿಲ ಬಿದ್ದಿರುತ್ತದೆ, ತಿರುವಿನ ಹೊರ ಅಂಚಿನಲ್ಲಿ ಗುಪ್ಪೆಯಾಗಿ. ಗ್ರಾವಿಯೋಂ ಎಂಬ ಫಲಕ ಕಂಡರೆ ಇಳಿಜಾರಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಮುಂದಿನ ಬ್ರೇಕು ಮುಟ್ಟಬೇಡಿ. ನನ್ನ ಎಡ ಮೊಣಕೈಯಲ್ಲಿ ಎರಡು ಹರಳು ಇನ್ನೂ ಇವೆ. ಡಾಕ್ಟರು ಇರಲಿ ಬಿಡಿ ಅಂದರು.

ನಕ್ಷೆ ಕಾಗದದ್ದೂ ಒಂದಿರಲಿ, ಕಣಿವೆಯಲ್ಲಿ ಫೋನಿನ ಸಿಗ್ನಲ್ ಕೈಕೊಡುತ್ತದೆ. ಮಿಶೆಲಿನ್ ನಕ್ಷೆಯಲ್ಲಿ ಕೆಂಪು ದೊಡ್ಡ ರಸ್ತೆ, ಹಳದಿ ನಡುವಿನದು, ಬಿಳಿ ಸಣ್ಣದು. ಪಕ್ಕದಲ್ಲಿ ಹಸಿರು ಗೆರೆ ಇದ್ದರೆ ನೋಟ ಚೆನ್ನ. ನಿಮಗೆ ಬೇಕಾದ್ದು ಬಿಳಿ. ರಸ್ತೆಯ ಮೇಲೆ ಬಾಣದ ಮೊನೆಯಂಥ ಗುರುತು ಏರಿನದು: ಒಂದು ಇದ್ದರೆ ನೂರಕ್ಕೆ 5ರಿಂದ 9, ಎರಡಿದ್ದರೆ 13ರವರೆಗೆ, ಮೂರಿದ್ದರೆ ಅದಕ್ಕೂ ಮೇಲೆ. ಮೊನೆ ತೋರುವ ಕಡೆಗೆ ಏರು. ಚೀಲ ಹೊತ್ತ ದಿನ ಎರಡಕ್ಕಿಂತ ಹೆಚ್ಚು ಮೊನೆಯ ತಂಟೆಗೆ ಹೋಗಬೇಡಿ.

ರಸ್ತೆಯ ರೀತಿಗಳು ಟುಲೂಸ್‌ನಲ್ಲಿರುವ ನಿಮಗೆ ಗೊತ್ತೇ ಇರುತ್ತವೆ. ಎರಡು ಮಾತ್ರ ನೆನಪಿಸುತ್ತೇನೆ. ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲ ಹಕ್ಕು, ಅದು ದನದ ಕೊಟ್ಟಿಗೆಯಿಂದ ಬರುವ ಟ್ರ್ಯಾಕ್ಟರ್ ಆದರೂ. ಮತ್ತೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸೈಕಲ್ ಓಡಿಸಿದರೆ 135 ಯೂರೋ ದಂಡ. ಊರ ಹೊರಗೆ ಕಾರಿನವರು ನಿಮ್ಮಿಂದ ಒಂದೂವರೆ ಮೀಟರ್ ದೂರ ಇಟ್ಟು ದಾಟಬೇಕೆಂಬುದು ಕಾನೂನು. ಈ ಕಣಿವೆಯಲ್ಲಿ ಬಹುಪಾಲು ಜನ ಪಾಲಿಸುತ್ತಾರೆ, ಎಷ್ಟೋ ಸಲ ತಿರುವು ಮುಗಿಯುವವರೆಗೆ ಹಿಂದೆಯೇ ತಾಳ್ಮೆಯಿಂದ ಬರುತ್ತಾರೆ. ದಾಟಿದ ಮೇಲೆ ಕೈಯೆತ್ತಿ ಒಂದು ವಂದನೆ ಹೇಳಿ.

ಊಟದ ವಿಷಯ ಕಷ್ಟವೇ. ಇದು ಬಾತುಕೋಳಿಯ ಸೀಮೆ. ಸಲಾಡ್ ಅಂದರೆ ಸೊಪ್ಪು ಎಂದು ನಂಬಿ ‘ಕೆರ್ಸಿ ಸಲಾಡ್’ ತರಿಸಿದರೆ ಮೇಲೆ ಬಾತುಕೋಳಿಯ ಗಿಝಾರ್ಡ್ (ಜಠರ) ಚೂರುಗಳು ಬಂದು ಕೂರುತ್ತವೆ. ಬಿಸಿ ಮೇಕೆ ಚೀಸಿನ ಸಲಾಡ್ ನಿಮ್ಮ ಆಸರೆ. ರೊಕಮಡೂರ್ ಎಂಬ ನಾಣ್ಯದಂಥ ಚಪ್ಪಟೆ ಚೀಸು ಈ ಕಡೆಯದೇ, ಜೊತೆಗೆ ಅಕ್ರೋಟು, ಜೇನು. ಅದಕ್ಕೂ ಹಂದಿಮಾಂಸದ ಚೂರು ಉದುರಿಸುವ ಚಾಳಿಯಿದೆ, ಹಾಗಾಗಿ ‘ಸಾಂ ಲಾರ್ದೋಂ, ಸಾಂ ಝೆಸಿಯೆ’ ಎಂದು ತರಿಸುವಾಗಲೇ ಹೇಳಿ. ಮೊಟ್ಟೆ ತಿನ್ನುವವರಾದರೆ ಆಮ್ಲೆಟ್ ಎಲ್ಲ ಕಡೆ ಸಿಗುತ್ತದೆ. ಅಡುಗೆಮನೆ ತೆರೆದಿರುವುದು ಹನ್ನೆರಡರಿಂದ ಒಂದೂಮುಕ್ಕಾಲು, ಹೆಚ್ಚೆಂದರೆ ಎರಡು. ಎರಡೂ ಹತ್ತಕ್ಕೆ ಹೋಗಿ ನಿಂತರೆ ಮುಖ ನೋಡುತ್ತಾರೆ, ತಟ್ಟೆ ಇಡುವುದಿಲ್ಲ. ಸೋಮವಾರ ಬಹಳಷ್ಟು ಬೇಕರಿ, ಹೋಟೆಲುಗಳಿಗೆ ರಜೆ. ಅಂದಿನ ಬ್ರೆಡ್ಡು, ಚೀಸು, ಟೊಮೆಟೊ ಭಾನುವಾರ ಬೆಳಗ್ಗೆ ಕಾಓರ್‌ನಲ್ಲೇ ಕೊಂಡಿಡಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಮುಚ್ಚಿಹೋಗುತ್ತವೆ. ನಾನು ಚೀಲದ ಮೂಲೆಯಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇಟ್ಟಿರುತ್ತೇನೆ. ಬ್ಯಾಗೆಟ್ಟು, ಬೆಣ್ಣೆ, ಶೇಂಗಾ ಚಟ್ನಿಪುಡಿ. ಮಾರ್ಸಿಯಾಕ್‌ನ ಮರದ ಕೆಳಗೆ ಅದಕ್ಕಿಂತ ಒಳ್ಳೆಯ ಊಟ ನನಗೆ ಸಿಕ್ಕಿಲ್ಲ.

ಒಂದು ಎಚ್ಚರಿಕೆ ಉಳಿಯಿತು. ಮೇ ಕೊನೆ ಅಂದಿರಿ. ಅಸಾಂಸಿಯೋಂ ಗುರುವಾರ, ಪಾಂತೆಕೋತ್ ಸೋಮವಾರ ಎಂಬ ಹಬ್ಬದ ರಜೆಗಳು ಹೆಚ್ಚಾಗಿ ಅದೇ ಸುಮಾರಿಗೆ ಬರುತ್ತವೆ. ಆ ವಾರಾಂತ್ಯಗಳನ್ನು ಬಿಟ್ಟು ದಿನ ಆರಿಸಿ, ಇಲ್ಲದಿದ್ದರೆ ಲಾಪೋಪಿಯಲ್ಲಿ ಕೋಣೆಯೂ ಇಲ್ಲ, ರೈಲಿನಲ್ಲಿ ಕೊಕ್ಕೆಯೂ ಇಲ್ಲ. ವಾಪಸಾತಿಗೆ ಕಾಓರ್‌ನಿಂದ ಟುಲೂಸ್‌ಗೆ ಪ್ರಾದೇಶಿಕ ರೈಲು ಒಂದೂವರೆ ಗಂಟೆಯೊಳಗೆ ತಲುಪಿಸುತ್ತದೆ. ಪ್ಯಾರಿಸ್ ಕಡೆಯಿಂದ ಬರುವ ದೂರದ ರೈಲು ಹತ್ತುವುದಾದರೆ ಸೈಕಲ್ಲಿಗೂ ಬೇರೆ ಟಿಕೆಟು ಮೊದಲೇ ತೆಗೆಯಬೇಕು. ಭಾನುವಾರ ಸಂಜೆಯ ರೈಲುಗಳಲ್ಲಿ ಹಾಸ್ಟೆಲ್ಲಿಗೆ ಮರಳುವ ವಿದ್ಯಾರ್ಥಿಗಳು ತುಂಬಿರುತ್ತಾರೆ. ಸೋಮವಾರ ಮಧ್ಯಾಹ್ನದ ರೈಲಿನಲ್ಲಿ ಮೂರು ಸೈಕಲ್ ತೂಗುಹಾಕಿದರೂ ಜಾಗ ಉಳಿಯುತ್ತದೆ.